ಜಪಾನಿನ ಗಿಡವೂ ನನ್ನ ಕಣ್ಣೂ

ನಿನ್ನೆ ಅಂಗಡಿಯಲ್ಲಿ ಒಂದು ಅಳತೆಯ ಗಾಜಿನ ತುಂಡು ಹುಡುಕುತ್ತಿದ್ದೆ. ಗಾಜು ಸಿಗಲಿಲ್ಲ, ಪ್ಲೈವುಡ್ ಹಾಳೆಗಳ ಸಂದಿಯಿಂದ ಒಂದು ಜೆರಾಕ್ಸ್ ಪ್ರತಿ ಜಾರಿ ನನ್ನ ಪಾದದ ಮೇಲೆ ಬಿತ್ತು. ಅರ್ಧ ಇಂಗ್ಲಿಷು, ಅರ್ಧ ಜಪಾನಿ ಲಿಪಿ, ಮೂಲೆಯಲ್ಲೊಂದು ದುಂಡನೆಯ ಮೊಹರು. ಈ ಗಿಡವನ್ನು ಪರೀಕ್ಷಿಸಿದ್ದೇವೆ, ಇದಕ್ಕೆ ರೋಗವಿಲ್ಲ, ಹುಳುವಿಲ್ಲ, ಪರದೇಶಕ್ಕೆ ಹೊರಡಲು ಅಡ್ಡಿಯಿಲ್ಲ ಎಂದು ಅಲ್ಲಿನ ಸರ್ಕಾರ ಬರೆದುಕೊಟ್ಟ ಆರೋಗ್ಯ ಪತ್ರ ಅದು. ನಗಬೇಡಿ. ಸಕ್ಕರೆ ಕಾಯಿಲೆ, ಮಂಡಿ ನೋವು ಎರಡನ್ನೂ ಸಾಕಿಕೊಂಡಿರುವ ನಾನು ಆ ಕಾಗದವನ್ನು ಮೊದಲ ಸಲ ಓದಿದಾಗ ಒಂದು ಗಿಡದ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಕಟ್ಟು ಹಾಕುವ ಅಂಗಡಿಯಿದೆ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಇವೆಲ್ಲಕ್ಕಿಂತ ಹೆಚ್ಚಾಗಿ ಸನ್ಮಾನ ಪತ್ರ. ಬೇರೆಯವರಿಗೆ ಬಂದ ಸನ್ಮಾನಗಳನ್ನು ಗಾಜಿನ ಹಿಂದೆ ಕೂರಿಸಿ, ಮೊಳೆ ಹೊಡೆದು, ಪೇಪರು ಸುತ್ತಿ ಕೊಡುವುದರಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಕರುಬುವುದಕ್ಕೆ ಇದಕ್ಕಿಂತ ಅನುಕೂಲವಾದ ಕಸುಬು ನನಗಂತೂ ಗೊತ್ತಿಲ್ಲ. ಆದರೆ ಊರವರ ಮೇಲಿನ ಕಿಚ್ಚು ಸಂಜೆ ಅಂಗಡಿ ಬಾಗಿಲು ಎಳೆದರೆ ಆರಿಹೋಗುತ್ತದೆ. ಷಡ್ಡಕನ ಮೇಲಿನದು ಹಾಗಲ್ಲ, ನನ್ನ ಜೊತೆಯಲ್ಲೇ ಮನೆಗೆ ಬರುತ್ತದೆ.

ನನ್ನ ಷಡ್ಡಕ ರುದ್ರೇಶ, ಅಂದರೆ ನನ್ನ ಹೆಂಡತಿ ಗಿರಿಜೆಯ ತಂಗಿ ಶೈಲಾಳ ಗಂಡ. ಶಿರಾದಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ಇಟ್ಟಿದ್ದಾನೆ. ಎದುರಿಗೆ ಸಿಕ್ಕಾಗ ನಾನು ಅವನನ್ನು 'ನೀವು' ಎನ್ನುತ್ತೇನೆ, ಮನಸ್ಸಿನಲ್ಲಿ 'ಅವನು'. ಇಲ್ಲಿ ಬರೆಯುತ್ತಿರುವುದು ಮನಸ್ಸಿನ ಮಾತಾದ್ದರಿಂದ ಅವನು ಎಂದೇ ಇರಲಿ. ಮನುಷ್ಯ ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಕೊರಟಗೆರೆಯ ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಹೋಳಿಗೆ ಬಡಿಸುವಾಗ ಅತ್ತೆಯ ಕೈಯ ತುಪ್ಪದ ಮಿಳ್ಳೆ ಅವನ ಎಲೆಯ ಮೇಲೆ ತುಸು ಹೆಚ್ಚು ಹೊತ್ತು ಬಾಗಿರುತ್ತಿತ್ತು ಎಂಬುದು ನನ್ನ ಬಹುಕಾಲದ ಗುಮಾನಿ. "ನಿಮ್ ಎಲೆ ನೋಡ್ಕಂಡು ಉಣ್ಣೋದು ಕಲೀರಿ" ಎನ್ನುತ್ತಾಳೆ ಗಿರಿಜೆ. ನನ್ನ ಎಲೆಯನ್ನೇ ನೋಡುತ್ತ ಕೂತರೆ ಅವನ ಎಲೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ, ನೀವೇ ಹೇಳಿ.

ಕಣ್ಣಿನ ಮಾತು ಬಂದಿದ್ದರಿಂದ ಒಂದು ಹಳೆಯ ಸಂಗತಿ ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಹೊಸ ಅಂಗಿ ತೊಟ್ಟು ಬೀದಿ ಸುತ್ತಿ ಬಂದರೆ ಸಾಕು, ನಮ್ಮಮ್ಮ ಹೊಸ್ತಿಲಲ್ಲಿ ನಿಲ್ಲಿಸಿ, ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಎರಡು ಪೊರಕೆ ಕಡ್ಡಿ ಹಿಡಿದು ದೃಷ್ಟಿ ತೆಗೆಯುತ್ತಿದ್ದಳು. "ಹೋದೋರ ಕಣ್ಣು, ಬಂದೋರ ಕಣ್ಣು, ಎಲ್ಲಾ ಸುಟ್ಟೋಗ್ಲಿ" ಎಂದು ತಲೆಯ ಸುತ್ತ ಮೂರು ಸಲ ಇಳಿಸಿ, ಅದನ್ನು ಒಲೆಗೆ ಹಾಕುವಳು. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ ಎಂದರೆ ಕಣ್ಣು ಬಿದ್ದಿತ್ತು, ಅದನ್ನು ಬೆಂಕಿ ತಿಂದಿತು ಎಂದು ಅರ್ಥ. ಘಾಟು ಬಂದು ಕೆಮ್ಮು ಹತ್ತಿದರೆ ಯಾರ ಕಣ್ಣೂ ಬಿದ್ದಿರಲಿಲ್ಲ ಎಂದು. ನನ್ನ ಮೆಣಸಿನಕಾಯಿ ಪ್ರತಿ ಸಲವೂ ಮನೆಮಂದಿಯನ್ನೆಲ್ಲ ಕೆಮ್ಮಿಸಿ ಅಂಗಳಕ್ಕೆ ಓಡಿಸುತ್ತಿತ್ತು. ಇಡೀ ಬೀದಿಯಲ್ಲಿ ನನ್ನನ್ನು ಕಂಡು ಕರುಬುವ ಒಂದು ನರಪಿಳ್ಳೆಯೂ ಇರಲಿಲ್ಲ! ಅದೇ ಒಲೆಯಲ್ಲಿ ನಮ್ಮ ದೊಡ್ಡಪ್ಪನ ಮಗನಿಗೆ ತೆಗೆದದ್ದನ್ನು ಹಾಕಿದರೆ ಒಬ್ಬರಿಗೂ ಕೆಮ್ಮಿಲ್ಲ. ನಾನು ಒಲೆಯ ಹತ್ತಿರ ಮೂಗು ಚಾಚಿ ಎಷ್ಟು ಎಳೆದುಕೊಂಡರೂ ಘಾಟಿಲ್ಲ. ಅವನ ಮೇಲೆ ಬಿದ್ದದ್ದು ಯಾರ ಕಣ್ಣು ಎಂಬುದು ನನಗೊಬ್ಬನಿಗೆ ಗೊತ್ತಿತ್ತು.

ಇರಲಿ, ಗಿಡಕ್ಕೆ ಬರೋಣ. ರುದ್ರೇಶ ತನ್ನ ಮಿಲ್ಲಿನ ಸ್ನೇಹಿತರ ಜೊತೆ ಜಪಾನ್ ನೋಡಲು ಹೋದ. ಹೋದವರೆಲ್ಲ ಕ್ಯಾಮೆರಾ, ಗಡಿಯಾರ ತಂದರೆ ಇವನು ಬರಿಗೈಯಲ್ಲಿ ಬಂದ. ಬಂದವನಿಗೆ ಬೇರೆ ಧ್ಯಾನವೇ ಇಲ್ಲ.

"ಅಣ್ಣ, ಒಂದು ಗಿಡ ನೋಡ್ದೆ. ಎತ್ತರ ನಮ್ ಮೊಣಕೈಯಷ್ಟಿಲ್ಲ. ಆದ್ರೆ ಮುಂದೆ ನಿಂತ್ರೆ ತಲೆ ಎತ್ತಿ ನೋಡ್ಬೇಕು ಅನ್ಸುತ್ತೆ. ಆ ನರ್ಸರಿಯವರ ತಾತ ನೆಟ್ಟಿದ್ದಂತೆ. ಅದನ್ನ ತರಿಸ್ಬೇಕು."

"ಸೂಟ್‌ಕೇಸಲ್ಲಿ ಹಾಕ್ಕಂಡು ಬರ್ಬೋದಿತ್ತಲ್ಲ?" ಎಂದೆ.

"ಅಂಗೆಲ್ಲ ತರಂಗಿಲ್ಲ ಅಣ್ಣ. ಮನುಷ್ಯರಿಗಾದ್ರೆ ಒಂದು ಪಾಸ್‌ಪೋರ್ಟು, ಒಂದು ವೀಸಾ. ಗಿಡಕ್ಕೆ ಅದರ ಅಪ್ಪನಷ್ಟೈತೆ."

ಅವನು ಹೇಳಿದ್ದು ಸುಳ್ಳಲ್ಲ. ಮೊದಲು ನಮ್ಮ ಸರ್ಕಾರದಿಂದ ಇಂಥ ಜಾತಿಯ ಇಷ್ಟು ಗಿಡ ತರಿಸುತ್ತೇವೆ ಎಂದು ಪರವಾನಗಿ ಪಡೆಯಬೇಕು. ಅಲ್ಲಿಯವರು ಆರೋಗ್ಯ ಪತ್ರ ಕೊಡಬೇಕು. ಬೇರಿಗೆ ಒಂದು ಚಿಟಿಕೆ ಮಣ್ಣೂ ಅಂಟಿರಕೂಡದು, ಏಕೆಂದರೆ ಮಣ್ಣಿನಲ್ಲಿ ಆ ದೇಶದ ಹುಳು ಹುಪ್ಪಟೆ ಬರುತ್ತವೆ. ತೊಳೆದು ಬೆತ್ತಲೆ ಮಾಡಿದ ಬೇರನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಕಳಿಸಬೇಕು. ಇಲ್ಲಿ ಇಳಿದ ಮೇಲೆ ತಪಾಸಣೆ, ಬೇಕೆನಿಸಿದರೆ ಔಷಧದ ಹೊಗೆ. ಮನೆಗೆ ಬಂದ ಮೇಲೂ ಬೇರೆ ಗಿಡಗಳಿಂದ ದೂರ, ಮೈಲಿಗೆಯಲ್ಲಿಟ್ಟ ಹಾಗೆ ಒಂಟಿಯಾಗಿ ಇಟ್ಟು ಸಂಬಂಧಪಟ್ಟವರು ಬಂದು ನೋಡುವವರೆಗೆ ಕಾಯಬೇಕು.

ರುದ್ರೇಶ ತರಿಸಿದ ಮೊದಲ ಗಿಡ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿತ್ತು. ಬೇರಿನ ಸಂದಿಯಲ್ಲಿ ಎಲ್ಲೋ ಒಂದಿಷ್ಟು ಮಣ್ಣು ಉಳಿದಿತ್ತಂತೆ. ವಾಪಸು ಕಳಿಸಿ ಇಲ್ಲವೇ ಸುಡುತ್ತೇವೆ ಎಂದರು. ವಾಪಸು ಕಳಿಸಿದರೆ ದಾರಿಯಲ್ಲೇ ಸಾಯುತ್ತದೆ ಎಂದು ತಿಳಿದು ಸುಟ್ಟರು. ಅವನೇ ಫೋನು ಮಾಡಿ ಈ ಸುದ್ದಿ ಹೇಳಿದ. "ಛೆ ಛೆ, ಎಂಥ ಅನ್ಯಾಯ" ಎಂದೆ. ಅಂದು ಮಧ್ಯಾಹ್ನ ಅವರೆಕಾಳು ಸಾರಿನಲ್ಲಿ ಒಂದು ಮುದ್ದೆ ಹೆಚ್ಚಿಗೆ ಉಂಡೆ. ಏನು ವಿಶೇಷ ಎಂದು ಗಿರಿಜೆ ಕೇಳಿದಳು. ಸಾರು ಚೆನ್ನಾಗಿದೆ ಎಂದೆ.

ಆ ಉಮೇದಿನಲ್ಲಿ ನಾನೂ ಒಂದು ಕೆಲಸ ಮಾಡಿದೆ. ಮೊಬೈಲಿನಲ್ಲಿ ನೋಡಿ ಬೋನ್ಸಾಯ್ ಬೀಜ ಎಂಬುದನ್ನು ತರಿಸಿಕೊಂಡೆ. ಪೊಟ್ಟಣದ ಮೇಲೆ ಕೆಂಪು ಎಲೆಯ ಪುಟ್ಟ ಮರದ ಚಿತ್ರ. ಯಾರಿಗೂ ಹೇಳದೆ ಹಿತ್ತಲಲ್ಲಿ ಒಡೆದ ಕಪ್ಪಿನಲ್ಲಿ ಹಾಕಿ ದಿನಕ್ಕೆರಡು ಸಲ ನೋಡಿದೆ. ಮೊಳಕೆ ಬಂತು, ಎಲೆ ಬಂತು, ಎಲೆ ಕೆಂಪಗೂ ಆಯಿತು. ಶಿರಾಕ್ಕೆ ಫೋನು ಮಾಡಬೇಕು ಎನ್ನುವಷ್ಟರಲ್ಲಿ ಗಿರಿಜೆ ಅದನ್ನು ಬುಡಸಮೇತ ಕಿತ್ತು ತಂದು, "ಕಪ್ಪಲ್ಲಿ ಯಾಕ್ರೀ ದಂಟಿನ್ ಸೊಪ್ಪು ಹಾಕಿದೀರಾ, ಪಾತೀಲಿ ಹಾಕಿದ್ರೆ ಒಂದ್ ಸಾರಿಗಾದ್ರೂ ಆಗ್ತಿತ್ತು" ಎಂದಳು. ಬೀಜ ಕೊಂಡ ವಿಷಯ ಅವಳಿಗೆ ಇಂದಿಗೂ ಹೇಳಿಲ್ಲ.

ಅಷ್ಟರಲ್ಲಿ ಅದೇ ನರ್ಸರಿಯಿಂದ ರುದ್ರೇಶನ ಎರಡನೆಯ ಗಿಡ ಬಂತು. ಈ ಸಲ ಬೇರು ಹಲ್ಲುಜ್ಜಿದಷ್ಟು ಶುಭ್ರವಾಗಿತ್ತು. ಆದರೆ ಪರವಾನಗಿಯಲ್ಲಿ ಬರೆದ ಜಾತಿಯ ಹೆಸರಿಗೂ ಪೆಟ್ಟಿಗೆಯ ಮೇಲಿನ ಹೆಸರಿಗೂ ತಾಳೆಯಾಗದೆ, ಕಾಗದ ತಿದ್ದಿ ತರುವವರೆಗೆ ಗಿಡ ಗೋದಾಮಿನಲ್ಲೇ ಕೂತಿತ್ತು. ಬೇರೆ ಹೆಸರು ಬರೆದವನು ರುದ್ರೇಶನೇ. ಅವನಿಗೆ ಸೂಜಿ ಎಲೆಯದೆಲ್ಲ ಒಂದೇ ಜಾತಿ. ಕೊನೆಗೂ ಬಿಡಿಸಿಕೊಂಡು ಶಿರಾಕ್ಕೆ ತಂದಾಗ ಶೈಲಾ ಹೊಸ್ತಿಲಲ್ಲಿ ಓಕುಳಿ ನೀರಿನ ಆರತಿ ಎತ್ತಿ ಸೊಸೆಯನ್ನು ತುಂಬಿಸಿಕೊಂಡ ಹಾಗೆ ಒಳಗೆ ಕರೆದುಕೊಂಡಳು. ಕುಂಡಕ್ಕೆ ಕಪ್ಪು ದಾರ ಕಟ್ಟಿದರು.

ನಾನೂ ಹೋಗಿದ್ದೆ. ಹೋಗಬಾರದಿತ್ತು. ತಿರುಚಿಕೊಂಡ ಕಾಂಡ, ಅದರ ಒಂದು ಪಕ್ಕ ಒಣಗಿ ಬೆಳ್ಳಗಾಗಿದೆ, ಇನ್ನೊಂದು ಪಕ್ಕದಿಂದ ದಟ್ಟ ಹಸಿರು. "ಒಣಗಿರೋದೇ ಅದರ ಚೆಂದ ಅಣ್ಣ" ಎಂದ ರುದ್ರೇಶ. ನಿಜಕ್ಕೂ ಚೆಂದವಿತ್ತು. ಅಷ್ಟು ವಯಸ್ಸಾದದ್ದು ಅಷ್ಟು ಚಿಕ್ಕದಾಗಿ, ಅಷ್ಟು ನೆಮ್ಮದಿಯಾಗಿ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ಇದು ನನ್ನದಾಗಿರಬೇಕಿತ್ತು ಎನಿಸಿತು. ಜಾಮಿಯಾ ಮಸೀದಿ ಕಡೆಯ ಹಾರ್ಡ್‌ವೇರ್ ಅಂಗಡಿಯ ಸಾಹೇಬರು ನೋಡಿ "ಮಾಷಾ ಅಲ್ಲಾಹ್" ಎಂದರು. ಮೆಚ್ಚಿದಾಗ ಕಣ್ಣು ತಾಗದಿರಲೆಂದು ಅವರಲ್ಲಿ ಹಾಗೆ ಹೇಳುತ್ತಾರಂತೆ. ಎದುರು ಮನೆಯವರು "ಬೋ ಚೆನ್ನಾಗೈತೆ" ಎಂದರು. ನನ್ನ ಬಾಯಿಂದ ಮಾತ್ರ ಒಂದು ಮಾತೂ ಹೊರಡಲಿಲ್ಲ. ಸುಮ್ಮನೆ ನೋಡುತ್ತಾ ನಿಂತೆ.

ಮರುವಾರ ರುದ್ರೇಶ ಮಧುಗಿರಿಗೆ ಬಂದು ಆರೋಗ್ಯ ಪತ್ರವನ್ನೂ ಗಿಡದ ಫೋಟೋವನ್ನೂ ನನ್ನ ಮೇಜಿನ ಮೇಲಿಟ್ಟ. "ಎರಡಕ್ಕೂ ನಿಮ್ ಕೈಯಲ್ಲೇ ಕಟ್ಟು ಹಾಕ್ಬೇಕು ಅಣ್ಣ." ಅವನ ಗಿಡಕ್ಕೆ ನಾನು ಬಂಗಾರದ ಬಣ್ಣದ ಪಟ್ಟಿ ಹೊಂದಿಸಿ ಕಟ್ಟು ಹಾಕಿದೆ. ಸುತ್ತಿಗೆ ಎರಡು ಸಲ ಬೆರಳ ಮೇಲೆ ಬಿತ್ತು. ಫೋಟೋದ ಇನ್ನೊಂದು ಪ್ರತಿಗೂ ಕಟ್ಟು ಹಾಕಿಸಿ, "ನಿಮ್ ಅಂಗಡೀಲೂ ಒಂದಿರ್ಲಿ" ಎಂದು ಗೋಡೆಗೆ ತಾನೇ ನೇತುಹಾಕಿ ಹೋದ. ಅಂದಿನಿಂದ ನಾನು ಮೊಳೆ ಹೊಡೆಯುವಾಗಲೆಲ್ಲ ಅದು ನನ್ನನ್ನು ನೋಡುತ್ತಿತ್ತು.

ಗಿಡ ಎರಡು ತಿಂಗಳು ಹಸಿರಾಗಿತ್ತು. ಈ ಮಧ್ಯೆ ತಪಾಸಣೆಯವರು ಬಂದು ಭೂತಗನ್ನಡಿ ಹಿಡಿದು ನೋಡಿ, ಹುಳುವಿಲ್ಲ ಎಂದು ಬರೆದುಕೊಂಡು ಹೋದರು. ಶಿರಾದಲ್ಲಿ ಎಲ್ಲರೂ ಹಿಗ್ಗಿದರು. ಆಮೇಲೆ ಒಂದು ದಿನ ತುದಿ ಹಳದಿಯಾಯಿತು, ವಾರದಲ್ಲಿ ಕಂದಾಯಿತು, ಮುಟ್ಟಿದರೆ ಉದುರತೊಡಗಿತು. ಸುದ್ದಿ ಕೇಳಿ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ದಿನ ನಿಂತು ನೋಡಿದ್ದು ನೆನಪಾಯಿತು.

ಅದೇ ಹೊತ್ತಿಗೆ ರುದ್ರೇಶನ ಮೊಮ್ಮಗಳ ನಾಮಕರಣ. ತೊಟ್ಟಿಲ ಹತ್ತಿರ ಹೋಗಿ ಮಗುವಿನ ಮುಖ ನೋಡೋಣವೆಂದು ಬಗ್ಗಿದೆ. ಶೈಲಾ ತಟ್ಟನೆ ಮಗುವನ್ನೆತ್ತಿ ಸೆರಗು ಮುಚ್ಚಿಕೊಂಡು, "ಮಲಗಿಸ್ಬೇಕು ಭಾವ, ನಿದ್ದೆಗೆಟ್ಟೈತೆ" ಎಂದು ಒಳಗೆ ಹೋಗಿಬಿಟ್ಟಳು. ಮಗು ಕಣ್ಣು ಬಿಟ್ಟುಕೊಂಡು ಆರಾಮಾಗಿ ಆಡುತ್ತಿತ್ತು. ಅಡುಗೆಮನೆಯಲ್ಲಿ ಅವಳು ಯಾರಿಗೋ ಹೇಳುವುದು ಕೇಳಿಸಿತು. "ಎಲ್ರೂ ಚೆನ್ನಾಗೈತೆ ಅಂದ್ರು. ಭಾವ ಒಬ್ರೇ ಮಾತಿಲ್ದಂಗೆ ನೋಡ್ತಾ ನಿಂತಿದ್ರು. ಜಪಾನಿಂದ ಬದುಕಿ ಬಂದ ಗಿಡ ಕಣಮ್ಮ ಅದು."

ಬಸ್ಸಿನಲ್ಲಿ ಗಿರಿಜೆ ಶಿರಾದಿಂದ ಮಧುಗಿರಿಯವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣೊರೆಸಿಕೊಂಡದ್ದು ಗಾಳಿಗಲ್ಲ ಎಂದು ನನಗೆ ಗೊತ್ತಾಯಿತು. "ಅವಳು ನನ್ ತಂಗಿ ಕಣ್ರೀ. ಇನ್ಮೇಲೆ ಆ ಮನೇಲಿ ಮಗು ಇದ್ರೆ ನೀವು ಬರಂಗಿಲ್ಲ ಅಂದಂಗಾಯ್ತಲ್ಲ" ಎಂದಳು. ಹೊಟ್ಟೆಕಿಚ್ಚು ಪಟ್ಟದ್ದು ನಿಜ. ಆದರೆ ಅದಕ್ಕೆ ಒಂದು ಜೀವ ತೆಗೆಯುವ ಶಕ್ತಿಯಿದೆಯೇ?

ನನ್ನ ಜೇಬಿನಲ್ಲಿ ಆ ಗಿಡದ ಒಂದು ಕಡ್ಡಿಯಿತ್ತು, ಕುಂಡದ ಕೆಳಗೆ ಬಿದ್ದಿದ್ದು. ಗಾಜು ತರಲು ಬೆಂಗಳೂರಿಗೆ ಹೋದಾಗ ಕುಬ್ಜ ಮರಗಳನ್ನೇ ಬೆಳೆಸುವ ಒಬ್ಬ ಹೆಂಗಸಿನ ನರ್ಸರಿ ಹುಡುಕಿಕೊಂಡು ಹೋಗಿ ಅದನ್ನು ತೋರಿಸಿದೆ. ಬಂದ ದಾರಿಯನ್ನೆಲ್ಲ ಹೇಳಿದೆ. ಆಕೆ ಉಗುರಿನಿಂದ ತೊಗಟೆ ಕೆರೆದು, ಮುರಿದು ನೋಡಿದರು. ಚಟ್ಟೆಂದಿತು. ಕಟ್ಟಿಗೆ ಎಷ್ಟು ಒಣಗಿದರೆ ಆ ಸದ್ದು ಬರುತ್ತದೆ ಎಂದು ಕಟ್ಟು ಹಾಕುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಇದು ಮೊನ್ನೆ ಮೊನ್ನೆ ಸತ್ತಿದ್ದಲ್ಲ ಸಾರ್. ಬೇರು ತೊಳೆದು, ಪೆಟ್ಟಿಗೆಯಲ್ಲಿ ಅಷ್ಟು ದಿನ ಕೂಡಿಟ್ಟಾಗಲೇ ಹೋಗಿದೆ. ಈ ಜಾತಿ ಸತ್ತ ಮೇಲೂ ಎರಡು ಮೂರು ತಿಂಗಳು ಹಸಿರಾಗೇ ಇರುತ್ತೆ. ಎಷ್ಟೋ ಜನ ಸತ್ತಿರೋದಕ್ಕೇ ನೀರು ಹಾಕ್ತಿರ್ತಾರೆ."

ಅಲ್ಲಿಗೆ ನಾನು ನಿರಪರಾಧಿ. ಆರತಿ ಎತ್ತಿದ್ದು ಹೆಣಕ್ಕೆ, ಕಪ್ಪು ದಾರ ಕಟ್ಟಿದ್ದು ಹೆಣಕ್ಕೆ, ನಾನು ಬೆರಳು ಜಜ್ಜಿಕೊಂಡು ಕಟ್ಟು ಹಾಕಿದ್ದು ಹೆಣದ ಆರೋಗ್ಯ ಪತ್ರಕ್ಕೆ. ಇಷ್ಟೆಲ್ಲ ಕಿಚ್ಚು ನಾನು ಪಟ್ಟದ್ದೂ ಅದರ ಮೇಲೇ. ಮಧುಗಿರಿಯ ಬಸ್ ಹತ್ತಿದ್ದೇ ಶೈಲಾಳ ಮುಂದೆ ಆಡಬೇಕಾದ ಮಾತುಗಳನ್ನು ಜೋಡಿಸತೊಡಗಿದೆ.

ಮರುದಿನವೇ ಶಿರಾಕ್ಕೆ ಹೋದೆ. ರುದ್ರೇಶ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕಂದು ಗಿಡಕ್ಕೆ ಇನ್ನೂ ಹನಿ ಹನಿಯಾಗಿ ನೀರು ಚಿಮುಕಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದ.

"ಆ ಎರಡು ತಿಂಗಳು ಎಷ್ಟ್ ಚೆನ್ನಾಗಿತ್ತು ಅಲ್ವಾ ಅಣ್ಣ? ಬೆಳಿಗ್ಗೆ ಎದ್ದು ಮೊದ್ಲು ಅದರ ಮುಖ ನೋಡ್ತಿದ್ದೆ. ಅದೊಂದು ನನ್ ಪಾಲಿಗೆ ಸಿಕ್ತಲ್ಲ ಅಂತ ಸಮಾಧಾನ ಮಾಡ್ಕಂಡಿದೀನಿ."

ನಿಜ ಹೇಳಿದರೆ ಆ ಎರಡು ತಿಂಗಳನ್ನೂ ಅವನಿಂದ ಕಿತ್ತುಕೊಂಡಂತೆ. ಇಷ್ಟು ವರ್ಷ ಅವನ ಎಲೆಯ ತುಪ್ಪದ ಮೇಲೆ ಕಣ್ಣಿಟ್ಟವನಿಗೆ ಆ ಒಂದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. "ನನ್ ಕಣ್ಣೇ ಬಿತ್ತೇನೋ ರುದ್ರೇಶ್. ಅವತ್ತು ನಿಜವಾಗ್ಲೂ ಹೊಟ್ಟೆ ಉರೀತು" ಎಂದುಬಿಟ್ಟೆ.

ಅವನು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಬುಡಿ ಅಣ್ಣ, ಬೇಕು ಅಂತ ಹಾಕ್ತಾರಾ ಯಾರಾದ್ರೂ" ಎಂದ. ಬಾಗಿಲ ಮರೆಯಲ್ಲಿದ್ದ ಶೈಲಾ ಒಳಗೆ ಹೋಗಿ ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. ಕೆನ್ನೆಯ ಮೇಲೆ ಎಂಟಾಣೆ ಅಗಲದ ಕಾಡಿಗೆ ಬೊಟ್ಟು, ಇನ್ನೂ ಹಸಿಯಾಗಿತ್ತು. ನನ್ನ ಬಿಳಿ ಅಂಗಿಗೆಲ್ಲ ಮೆತ್ತಿಕೊಂಡಿತು. ಒಂದು ಮಾತು ಮುಚ್ಚಿಡಬಾರದು: ನನ್ನ ಕಣ್ಣಿಗೆ ಹೆದರಿ ಒಬ್ಬರು ಅಷ್ಟು ದೊಡ್ಡ ಬೊಟ್ಟು ಇಟ್ಟರಲ್ಲ ಎಂದು ಒಳಗೊಳಗೇ ಕೊಂಚ ಹೆಮ್ಮೆಯೂ ಆಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನೊಬ್ಬ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಮುಂಗಾರು ಶುರುವಾದಾಗ ಪಾವಗಡ ಕಡೆಯ ತಿರುಮಣಿಯಿಂದ ಓಬಳಪ್ಪ ಎಂಬಾತ ಮನೆದೇವರ ಪಟಕ್ಕೆ ಕಟ್ಟು ಹಾಕಿಸಲು ಬಂದ. ಹೊಲವನ್ನು ಸೋಲಾರ್‌ನವರಿಗೆ ಗುತ್ತಿಗೆ ಕೊಟ್ಟು, ಉಳಿದ ಬದುವಿನಲ್ಲಿ ನಾಲ್ಕು ಮೇಕೆ ಮೇಯಿಸಿಕೊಂಡಿರುವವನು. ಗೋಡೆಯ ಮೇಲಿನ ಫೋಟೋ ನೋಡಿ ನಕ್ಕುಬಿಟ್ಟ.

"ಏಮಿ ಸಾಮಿ ಇದು, ಮೇಕೆ ಮೇಯ್ದಿರೋ ಗಿಡಕ್ಕೆಲ್ಲ ಕಟ್ಟು ಹಾಕಿದೀರ?"

"ಜಪಾನ್ ಗಿಡ ಕಣಪ್ಪ ಅದು."

"ಯಾವ್ ದೇಶದ್ ಮೇಕೆ ಆದ್ರೂ ಬಾಯಿ ಒಂದೇ ಅಲ್ವಾ ಸಾಮಿ. ನಮ್ ಬದೂಲಿ ಒಂದು ಕಾರೆ ಗಿಡ ಐತೆ. ನಮ್ ತಾತನ್ ಕಾಲ್ದಿಂದ ಮೇಕೆ ಚಿಗುರು ಕಿತ್ಕಂತಾವೆ, ಅದು ಮತ್ತೆ ಚಿಗುರ್ತೈತೆ. ಬೊಡ್ಡೆ ನನ್ ತೊಡೆ ಗಾತ್ರ, ಎತ್ತರ ಮೊಣಕಾಲ್ ಗಂಟ. ಮುಂದಿನ್ ವಾರ ಜೆಸಿಬಿ ತಂದು ಬದು ಕೀಳ್ತಾರೆ. ಬೇಕಾ ನಿಮ್ಗೆ?"

ದೇವರ ಪಟ ತೆಗೆದುಕೊಂಡು ಹೋಗಲು ಬಂದಾಗ ಗಿಡವನ್ನೂ ತಂದ. ಹುಟ್ಟಿದ ಮಣ್ಣಿನ ಹೆಂಟೆಯ ಸಮೇತ, ಗೋಣಿಚೀಲದಲ್ಲಿ, ಪಾವಗಡ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂತು. ದಾರಿಯಲ್ಲಿ ಯಾರೂ ಅದರ ಬೇರು ತೊಳೆಸಲಿಲ್ಲ. ಮುಳ್ಳು ಚುಚ್ಚುತ್ತದೆ ಎಂದು ಕಂಡಕ್ಟರ್ ಗೊಣಗಿದನಂತೆ, ಅಷ್ಟೇ. ಅಮ್ಮನ ಕಾಲದ, ತಳ ಬಿರಿದಿದ್ದ ಒರಳುಕಲ್ಲಿನಲ್ಲಿ ಅದನ್ನು ನೆಟ್ಟೆ. ಮೈಯೆಲ್ಲ ಗಂಟು, ಗಂಟಿಗೊಂದು ಗಾಯ, ಗಾಯಕ್ಕೊಂದು ಚಿಗುರು. ವಾರದಲ್ಲಿ ಅದು ಹೊಸ ಎಲೆ ಬಿಟ್ಟಿತು.

ಮೊನ್ನೆ ಭಾನುವಾರ ರುದ್ರೇಶ, ಶೈಲಾ ಬಂದರು. ಒಳಗೆ ಬರುತ್ತಿದ್ದವನು ಅಂಗಳದಲ್ಲೇ ನಿಂತುಬಿಟ್ಟ.

"ಇದ್ಯಾವ ದೇಶದ್ದು ಅಣ್ಣ?"

"ತಿರುಮಣಿ."

"ಪರ್ಮಿಟ್ಟು?"

"ಬಸ್ ಟಿಕೆಟ್ಟು."

ಅವನು ನಗಲಿಲ್ಲ. ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಕೆಳಗಿಟ್ಟ. ಚೆನ್ನಾಗಿದೆ ಎನ್ನಲಿಲ್ಲ, ಎಲ್ಲಿ ಸಿಕ್ಕಿತು, ಹೇಗೆ ತಂದಿರಿ ಎನ್ನಲಿಲ್ಲ. ಮಾತಿಲ್ಲದೆ ನೋಡುತ್ತಾ ನಿಂತ. ಊಟದ ಎಲೆಯ ಮುಂದೆ ಕೂತಾಗಲೂ ಕತ್ತು ತಿರುಗಿಸಿ ಬಾಗಿಲಾಚೆ ನೋಡುತ್ತಿದ್ದ. ಗಿರಿಜೆ ತುಪ್ಪ ಬಡಿಸಿದ್ದು ಅವನಿಗೆ ಗೊತ್ತಾಗಲಿಲ್ಲ.

ಅವರ ಕಾರು ತಿರುವು ದಾಟಿದ್ದೇ ನಾನು ಕೂಗಿದೆ. "ಗಿರಿಜಾ, ಉಪ್ಪು ಮೆಣಸಿನಕಾಯಿ ತಗೊಂಬಾ."

"ಯಾರಿಗೆ?"

"ಗಿಡಕ್ಕೆ."

"ಅಲ್ರೀ, ಕಣ್ಣು ಅನ್ನೋದೆಲ್ಲ ಸುಳ್ಳು ಅಂತ ಬೆಂಗಳೂರಿಂದ ಬಂದು ಹೇಳಿದ್ದು ನೀವೇ ಅಲ್ವಾ? ನಾಚ್ಕೆ ಆಗಲ್ವಾ?"

"ಅದು ನನ್ ಕಣ್ಣಿನ್ ವಿಷ್ಯ. ಅವನ ಕಣ್ಣು ಬೇರೆ ಕಣೇ, ಸಾಮಾನ್ಯದ್ದಲ್ಲ."

ಅವಳು ಗೊಣಗುತ್ತಲೇ ಗಿಡದ ಸುತ್ತ ಮೂರು ಸಲ ಇಳಿಸಿ, ಹಿತ್ತಲಿನ ನೀರೊಲೆಯ ಕೆಂಡಕ್ಕೆ ಹಾಕಿ, ಹಾಲು ಉಕ್ಕುತ್ತದೆಂದು ಅಡುಗೆಮನೆಗೆ ಓಡಿದಳು. ನಾನೊಬ್ಬನೇ ಒಲೆಯ ಮುಂದೆ ನಿಂತೆ. ಮೆಣಸಿನಕಾಯಿ ಕಪ್ಪಾಯಿತು, ಉಪ್ಪು ಚಟಪಟ ಎಂದಿತು, ಹೊಗೆ ಮೇಲೆದ್ದಿತು.

"ಘಾಟು ಬಂತೇನ್ರೀ?" ಒಳಗಿನಿಂದ ಕೇಳಿದಳು.

ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿ ಹಿಡಿದು, ಬಂದ ಕೆಮ್ಮನ್ನು ನುಂಗಿಕೊಂಡೆ.

"ಇಲ್ಲ ಕಣೇ," ಎಂದೆ, "ಒಂಚೂರೂ ಇಲ್ಲ."